ಸುಣ್ಣದಗೂಡು ಬೀದಿಯ ಕೂಗು

ನನ್ನ ತಂಗಿ ವನಜಾಕ್ಷಿಯ ಕೂಗು ಸುಣ್ಣದಗೂಡು ಬೀದಿಯಲ್ಲಿ, ಅಂಬುಜಕ್ಕನ ಮನೆಯ ಎದುರಿಗೆ, ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ ನಿಂತಿತ್ತು. ಅಲ್ಲಿ ಕಾಲಿಟ್ಟವರಿಗೆ "ಅಂಬುಜಕ್ಕಾ, ಬಾಗ್ಲು ತೆಗೀರಿ!" ಎಂದು ಕೇಳಿಸುತ್ತಿತ್ತು. ಆಚೆ ಸರಿದರೆ ಏನೂ ಇಲ್ಲ, ಮಾಮೂಲಿ ಬೀದಿ. ಆಷಾಢದ ಸಾಮಾನ್ಯ ಸಭೆಗೆ ಪುರಸಭೆಯವರು ಸಿದ್ಧಪಡಿಸಿದ ಕಾರ್ಯಸೂಚಿಯಲ್ಲಿ ಅದು ಬೀದಿನಾಯಿಗಳ ಹಾವಳಿಗೂ ಒಳಚರಂಡಿಗೂ ಮಧ್ಯೆ ಬಂದಿತ್ತು: ಸಾರ್ವಜನಿಕ ಸುರಕ್ಷತೆ, ಸುಣ್ಣದಗೂಡು ಬೀದಿಯ ಕೂಗಿನ ವಿಲೇವಾರಿ. ವಿಲೇವಾರಿ ಎನ್ನುವ ಮಾತನ್ನು ನಮ್ಮ ಪುರಸಭೆ ಕಸಕ್ಕೆ ಬಳಸುತ್ತದೆ. ಆ ಕಾರ್ಯಸೂಚಿ ನನ್ನ ಮನೆಗೂ ಬಂತು, ಏಕೆಂದರೆ ನಾನೂ ಆ ಸಭೆಯ ಸದಸ್ಯೆ. ಓದಿದ ಮೇಲೆ ನನಗೆ ಅವತ್ತು ಊಟ ಸೇರಲಿಲ್ಲ.

ನಮ್ಮೂರಿನ ಮಕ್ಕಳು ಅಮ್ಮ ಅನ್ನುವುದಕ್ಕೂ ಮೊದಲು ಓ ಅನ್ನುವುದನ್ನು ಕಲಿಯುತ್ತವೆ. ಯಾರಾದರೂ ಕರೆದರೆ, ಬಾಯಲ್ಲಿ ತುತ್ತಿದ್ದರೂ ಸರಿ, ಓ ಎನ್ನಬೇಕು. ಓಗೊಟ್ಟ ಕೂಗು ಬೇರೆ ಊರುಗಳ ಕೂಗಿನ ಹಾಗೆಯೇ ಗಾಳಿಯಲ್ಲಿ ಹೋಗಿಬಿಡುತ್ತದೆ. ಯಾರೂ ಓಗೊಡದಿದ್ದರೆ ಅಲ್ಲೇ ನಿಲ್ಲುತ್ತದೆ. ಕೇಳಿಸಿಕೊಂಡೂ ಸುಮ್ಮನಿದ್ದವರಲ್ಲಿ ಒಬ್ಬರು ಅಲ್ಲಿಗೆ ಬಂದು, ತಮ್ಮ ಹೆಸರು ಹೇಳಿ, "ಓ, ಬಂದೆ" ಎನ್ನುವವರೆಗೂ ನಿಲ್ಲುತ್ತದೆ. ಹಾಗೆ ತಡವಾಗಿ ಓಗೊಟ್ಟವರು ಆಮೇಲೆ ಕೂಗಿದವರ ಮನೆಗೆ ಹೋಗಿ ಒಂದು ಹೊತ್ತು ಉಣ್ಣಬೇಕು. ಕೂಗಿದವರು ಸತ್ತುಹೋಗಿದ್ದರೆ ಅವರಿಗೆ ಇಷ್ಟವಾಗಿದ್ದ ಅಡುಗೆಯನ್ನೇ ಮನೆಯವರು ಮಾಡಿ ಬಡಿಸಬೇಕು. ಬಡಿಸುವವರಿಗೂ ಉಣ್ಣುವವರಿಗೂ ಅದರಷ್ಟು ಕಷ್ಟದ ಊಟ ಇನ್ನೊಂದಿಲ್ಲ. ಆದರೆ ಕೈ ತೊಳೆದು ಎದ್ದ ಮೇಲೆ ಇಬ್ಬರೂ ಮತ್ತೆ ಒಂದೇ ಊರಿನವರಾಗುತ್ತಾರೆ, ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಬೇಕಾಗಿಲ್ಲ.

ದೊಡ್ಡಬಾವಿಯ ಹತ್ತಿರ ಒಂದು ಮಗುವಿನ ಕೂಗಿದೆ. ಅದನ್ನು ಕೇಳಿಯೂ ಸುಮ್ಮನಿದ್ದವರು ನನ್ನ ಅಜ್ಜಿಯ ಕಾಲಕ್ಕೇ ಮಣ್ಣಾದರು, ಹಾಗಾಗಿ ಅದು ಇನ್ನು ಹೋಗುವ ಹಾಗಿಲ್ಲ. ಹೆಂಗಸರು ಅದರ ನಡುವೆಯೇ ಹಗ್ಗ ಬಿಟ್ಟು ನೀರು ಸೇದುತ್ತಾರೆ, ಸೊಸೆ ಅತ್ತೆಯರ ಸುದ್ದಿ ಮಾತಾಡಿಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದವರು ಕಾಫಿ ಲೋಟ ಕೆಳಗಿಡುವ ಮುಂಚೆ "ಬೀದೀಲಿ ಕೂಗೇನಾದ್ರೂ ಇದೆಯಾ?" ಎಂದು ಕೇಳುತ್ತಾರೆ. ಕೂಗು ನಿಂತ ಬೀದಿಯಲ್ಲಿ ಮನೆ ಅಗ್ಗ. ಹೊಸದಾಗಿ ವರ್ಗವಾಗಿ ಬಂದ ನೌಕರರು ಖುಷಿಯಾಗಿ ಬಾಡಿಗೆಗೆ ಹಿಡಿಯುತ್ತಾರೆ, ಆಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುತ್ತಾರೆ.

ವನಜ ಆ ಬೀದಿಯಲ್ಲಿ ರವಿಕೆ ಹೊಲಿದುಕೊಂಡು ಇದ್ದಳು. ಅವಳ ಗಂಡ ತಿಪ್ಪೇಶ ಮರಳಿನ ಲಾರಿ ಓಡಿಸುತ್ತಿದ್ದ. ಕುಡಿದು ಬಂದಾಗಲೆಲ್ಲ ಹೊಡೆಯುತ್ತಿದ್ದ. ಅವಳ ಅಳು ಆ ಬೀದಿಗೆ ಅಭ್ಯಾಸವಾಗಿತ್ತು. ಅವರವರ ಮನೆ ವಿಷಯ ಎಂದು ಎಲ್ಲರೂ ಟಿವಿಯ ಸದ್ದನ್ನು ಸ್ವಲ್ಪ ಜಾಸ್ತಿ ಮಾಡಿಕೊಳ್ಳುತ್ತಿದ್ದರು. ನಾನು ನಮ್ಮ ಮನೆಗೆ ಬಾ ಎಂದು ಕರೆದಾಗಲೆಲ್ಲ "ಗಿರಾಕಿಗಳನ್ನ ಬಿಟ್ಟು ಎಲ್ಲಿಗೆ ಬರ್ಲಿ ಅಕ್ಕಾ" ಎಂದು ನಕ್ಕುಬಿಡುತ್ತಿದ್ದಳು. ಒಂದು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಅವನು ಮಚ್ಚು ಹಿಡಿದು ಅಟ್ಟಿಸಿಕೊಂಡು ಬಂದ. ಅವಳು ಬೀದಿ ದಾಟಿ ಎದುರುಮನೆಯ ಬಾಗಿಲಿಗೆ ಓಡಿದಳು. ಬಾಗಿಲು ತೆಗೆಯಲಿಲ್ಲ. ಅಕ್ಕಪಕ್ಕದ ಮನೆಯವರೂ ತೆಗೆಯಲಿಲ್ಲ. ತಿಪ್ಪೇಶ ಈಗ ಜೈಲಿನಲ್ಲಿದ್ದಾನೆ, ಅವನ ಲೆಕ್ಕವನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ನನಗೆ ಬೇಕಾಗಿದ್ದು ಅದಲ್ಲ. ಆ ಬೀದಿಯಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಹೆಸರು ಹೇಳಿ ನನ್ನ ತಂಗಿಗೆ ಓ ಅನ್ನಬೇಕಾಗಿತ್ತು.

ನಾನು ದಿನಾ ಬೆಳಿಗ್ಗೆ ಹಿಟ್ಟಿನ ಗಿರಣಿ ತೆಗೆಯುವ ಮುಂಚೆ ಊರಿನ ಆ ತುದಿಗೆ ಹೋಗಿ ಆ ಜಾಗದಲ್ಲಿ ನಿಲ್ಲುತ್ತಿದ್ದೆ. ಅವಳ ಬದುಕಿನ ಅತಿ ಕೆಟ್ಟ ಗಳಿಗೆ ಅದು. ಆದರೂ ಅವಳ ದನಿ. ಬೇರೆ ಎಲ್ಲಿಯೂ ಅವಳ ದನಿ ಉಳಿದಿರಲಿಲ್ಲ. ಬೀದಿಯ ಜನ ಕಿಟಕಿಯ ಸಂದಿಯಿಂದ ನೋಡಿ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಮುಚ್ಚುವುದರಲ್ಲಿ ಆ ಬೀದಿಯವರು ಪಳಗಿದವರು.

ಅಂಬುಜಕ್ಕ ಅಂಗನವಾಡಿಯಲ್ಲಿ ಟೀಚರ್ ಆಗಿದ್ದವಳು. ಆ ಬೀದಿಯ ಅರ್ಧ ಮಕ್ಕಳಿಗೆ ಕರೆದಾಗ ಓ ಅನ್ನುವುದನ್ನು ಚಪ್ಪಾಳೆ ತಟ್ಟಿಸಿ ಕಲಿಸಿದ್ದು ಅವಳೇ. ಕಾರ್ಯಸೂಚಿ ಬರುವುದಕ್ಕೆ ಸ್ವಲ್ಪ ಮುಂಚೆ, ಒಂದು ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿದ್ದಾಗ, ಅವಳು ರಾಗಿಯ ಚೀಲ ಹಿಡಿದುಕೊಂಡು ಬಂದಳು. ಚೀಲದಲ್ಲಿ ಇದ್ದದ್ದು ಒಂದು ಹಿಡಿ ರಾಗಿ. ಬೀಸಿಸಲು ಬಂದಿಲ್ಲ ಎಂದು ಆಗಲೇ ಗೊತ್ತಾಯಿತು.

"ನಾನು ಓ ಅಂತೀನಿ ಕಣಮ್ಮ ಸರ್ವಮಂಗಳಾ," ಎಂದಳು. "ಆದ್ರೆ ಒಂದೇ ಒಂದು ಮಾತು ನಡೆಸ್ಕೊಡು. ಮೊಮ್ಮಗಳಿಗೆ ಗಂಡು ಗೊತ್ತಾಗಿದೆ. ಆಷಾಢ ಕಳೀತಿದ್ದ ಹಾಗೆ ಲಗ್ನಪತ್ರಿಕೆ. ಅದೊಂದು ಆಗ್ಬಿಡ್ಲಿ. ಮಾರನೇ ಬೆಳಿಗ್ಗೇನೇ ಬೀದೀಲಿ ನಿಂತ್ಕೊಂಡು ಹೆಸರು ಹೇಳ್ತೀನಿ. ಈಗ್ಲೇ ಹೇಳಿದ್ರೆ ಸಂಬಂಧ ಮುರ್ಕೊಂಡು ಹೋಗ್ತಾರೆ."

"ಅವತ್ತು ಏನ್ ಮಾಡ್ತಾ ಇದ್ರಿ ನೀವು?" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. "ಚಿಲಕದ ಮೇಲೆ ಕೈ ಇಟ್ಕೊಂಡು ನಿಂತಿದ್ದೆ. ತೆಗೀಲೂ ಇಲ್ಲ, ಕೈ ಎತ್ಲೂ ಇಲ್ಲ. ಅವಳು ಸುಮ್ಮನಾದ ಮೇಲೂ ಅಲ್ಲೇ ನಿಂತಿದ್ದೆ."

ಕಪಾಳಕ್ಕೆ ಬಾರಿಸಿಬಿಡಬೇಕು ಅನ್ನಿಸಿತು. ನನ್ನ ತಂಗಿ ಸತ್ತಳು, ಇವಳ ಮೊಮ್ಮಗಳ ಮದುವೆಗೆ ನಾನು ಕಾಯಬೇಕು. ಆದರೆ ಇಷ್ಟು ದಿನದಲ್ಲಿ ಆ ಬೀದಿಯಿಂದ ನನ್ನ ಹತ್ತಿರ ಬಂದವಳು ಅವಳೊಬ್ಬಳೇ. ಇರುವುದೇ ಒಂದು ಆಸೆ, ಅದನ್ನೂ ಹೊಡೆದು ಓಡಿಸಲಿ ಯಾಕೆ? "ಆಯ್ತು. ಯಾರಿಗೂ ಹೇಳಲ್ಲ, ಹೋಗಿ," ಎಂದೆ. ಅವಳು ಹಿಡಿ ರಾಗಿಯನ್ನು ಅಲ್ಲೇ ಬಿಟ್ಟು ಹೋದಳು.

ಹೀಗಾಗಿ ಸಭೆಯ ದಿನ ನನ್ನ ಬಾಯಿ ಕಟ್ಟಿಹೋಗಿತ್ತು. ಸಭಾಂಗಣದ ಹಿಂದಿನ ಬೆಂಚುಗಳಲ್ಲಿ ಸುಣ್ಣದಗೂಡು ಬೀದಿಯವರು ಬಂದು ತುಂಬಿಕೊಂಡಿದ್ದರು. ನಾಯಿಗಳ ವಿಷಯ ಮುಗಿಯುತ್ತಿದ್ದಂತೆ ದೇವೀರಪ್ಪ ಎದ್ದು ನಿಂತ. ಆ ಬೀದಿಯಲ್ಲೇ ಮನೆ, ತಿರುವಿನಲ್ಲಿ ಹಾರ್ಡ್‌ವೇರ್ ಅಂಗಡಿ. ಆ ವಾರ್ಡಿನ ಸದಸ್ಯ.

"ಅಧ್ಯಕ್ಷರೇ, ಇದು ಶುದ್ಧವಾಗಿ ಸುರಕ್ಷತೆ ಪ್ರಶ್ನೆ," ಎಂದ. "ಸ್ಕೂಲಿಗೆ ಹೋಗೋ ಮಕ್ಕಳು ಹೆದರ್ಕೊಂಡು ಜ್ವರ ಬಂದು ಮಲಗ್ತಾ ಇದಾವೆ. ಬೈಕಿನವರು ಅದನ್ನ ತಪ್ಪಿಸೋಕೆ ಹೋಗಿ ಮೋರಿಗೆ ಬೀಳ್ತಿದಾರೆ. ಮೇಡಂ ದುಃಖ ನಮ್ಗೂ ಅರ್ಥ ಆಗುತ್ತೆ. ಆದ್ರೆ ಒಂದು ಬೀದಿ ಜನ ಎಷ್ಟು ದಿನ ಅಂತ ಸಹಿಸ್ಕೋಬೇಕು?"

"ನನ್ ತಂಗಿ ತಿಂದ ಹೊಡೆತಾನ ಎಷ್ಟು ದಿನ ಸಹಿಸ್ಕೊಂಡ್ರೋ ಅಷ್ಟು ದಿನ ಇದನ್ನೂ ಸಹಿಸ್ಕೊಳಿ," ಎಂದೆ.

ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು, "ನಾವೇನು ಕೊಂದಿಲ್ವಲ್ಲಮ್ಮಾ!" ಎಂದು ಕಿರುಚಿದಳು. ಅದಕ್ಕೆ ಬೆಂಚುಗಳೆಲ್ಲ ಹೌದು ಹೌದು ಎಂದವು. ಅಧ್ಯಕ್ಷ ಚಂದ್ರಮೌಳಿ ಮೇಜು ಕುಟ್ಟಿದರು. ಅವರು ಕೆಟ್ಟ ಮನುಷ್ಯರಲ್ಲ. ಯಾರ ಮನಸ್ಸನ್ನೂ ನೋಯಿಸಬಾರದು ಎನ್ನುವವರು, ಅದಕ್ಕೇ ಅವರಿಂದ ಯಾವತ್ತೂ ಒಂದು ಕೆಲಸ ನೆಟ್ಟಗೆ ಆಗಿದ್ದಿಲ್ಲ. ಸಲಹೆಗಳನ್ನು ಕೊಡಿ ಎಂದರು. ಒಬ್ಬ ಸದಸ್ಯ ಸಿಸಿ ಕ್ಯಾಮೆರಾ ಹಾಕಿಸೋಣ ಎಂದ. ಕೂಗಿದವರು ಕ್ಯಾಮೆರಾದಲ್ಲಿ ಕಾಣುತ್ತಾರೆ, ಸುಮ್ಮನಿದ್ದವರು ಹೇಗೆ ಕಾಣುತ್ತಾರೆ ಎಂದು ನಾನು ಕೇಳಿದ್ದಕ್ಕೆ ಕೂತುಕೊಂಡ. ಇನ್ನೊಬ್ಬ, ಕೂಗಿನ ಜಾಗದ ಮೇಲೆ ಒಂದು ಸ್ಪೀಕರ್ ಕಟ್ಟಿ ಬೆಳಿಗ್ಗೆಯಿಂದ ಸಂಜೆಯವರೆಗೆ ಭಕ್ತಿಗೀತೆ ಹಾಕೋಣ ಎಂದ. ಮುಖ್ಯಾಧಿಕಾರಿಗಳು ಶಬ್ದಮಾಲಿನ್ಯದ ನಿಯಮ ನೆನಪಿಸಿದರು. ಬೀದಿಯನ್ನೇ ಅಲ್ಲಿ ಮುಚ್ಚಿ ಹಿಂದಿನ ಗಲ್ಲಿಯಿಂದ ದಾರಿ ಬಿಡೋಣ ಎಂದರೆ ಗಲ್ಲಿಯ ಸದಸ್ಯ ಸುತರಾಂ ಒಪ್ಪಲಿಲ್ಲ.

"ನನ್ನದೊಂದೇ ಕೋರಿಕೆ," ಎಂದೆ. "ಈ ವಿಷಯಾನ ಮುಂದಿನ ಸಭೆಗೆ ಹಾಕಿ. ಶ್ರಾವಣಕ್ಕೆ."

"ಶ್ರಾವಣದಲ್ಲಿ ಏನಾಗುತ್ತೆ ಮೇಡಂ?" ದೇವೀರಪ್ಪ ಕೇಳಿದ.

ನಾನು ಏನು ಹೇಳಲಿ? ಹಿಂದಿನ ಬೆಂಚಿನ ಕೊನೆಯಲ್ಲಿ ಅಂಬುಜಕ್ಕ ಸೆರಗು ಹೊದ್ದು ತಲೆ ತಗ್ಗಿಸಿ ಕೂತಿದ್ದಳು. ಅವಳ ಪಕ್ಕದಲ್ಲಿ ಅವಳ ಮಗ, ಮಗನ ಪಕ್ಕದಲ್ಲಿ ಬೀಗರಾಗುವವರ ಕಡೆಯ ಯಾರೋ. "ಏನೋ ಆಗುತ್ತೆ. ಕಾಯ್ರಿ," ಎಂದೆ. ನನಗೇ ಅದು ಹುಚ್ಚಿಯ ಮಾತಿನಂತೆ ಕೇಳಿಸಿತು. ಬೆಂಚುಗಳಲ್ಲಿ ಯಾರೋ ನಕ್ಕರು.

ಆಗ ಅಧ್ಯಕ್ಷರಿಗೆ ಹೊಳೆಯಿತು. ಅವರ ಮುಖ ಅರಳಿದ್ದನ್ನು ನಾನು ಮರೆಯುವುದಿಲ್ಲ. "ಒಬ್ರೇ ಓ ಅನ್ಬೇಕು ಅಂತ ಎಲ್ಲಿದೆ? ಇಡೀ ಬೀದಿ ಒಟ್ಟಿಗೆ ನಿಂತ್ಕೊಂಡು ಅಂದ್ಬಿಟ್ರೆ? ಹೆಸರು ಗಿಸರು ಬೇಡ. ಯಾರಿಗೂ ಅವಮಾನ ಇಲ್ಲ, ಎಲ್ರೂ ಸಮಾನ." ಮುಖ್ಯಾಧಿಕಾರಿಗಳು ಅದಕ್ಕೆ ಅಲ್ಲೇ ಸಾಮೂಹಿಕ ಓಗೊಡುವಿಕೆ ಎಂದು ಹೆಸರಿಟ್ಟರು. ಪರವಾಗಿರುವವರು ಕೈ ಎತ್ತಿ ಎಂದು ಅಧ್ಯಕ್ಷರು ಹೇಳಿದರು. ನನ್ನ ಪಕ್ಕದ ಸದಸ್ಯೆ ಮೇಜಿನ ಕೆಳಗೆ ಒಂದು ಕೈಯಿಂದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಮೇಲೆತ್ತಿದಳು. ವಿರೋಧ ನನ್ನದೊಂದೇ.

ಸೋಮವಾರ ಸುಣ್ಣದಗೂಡು ಬೀದಿಯಲ್ಲಿ ಶಾಮಿಯಾನ ಹಾಕಿದರು. ಮೈಕು ಬಂತು, ಪುರಸಭೆಯ ವತಿಯಿಂದ ಲಾಡು ಬಂತು. ಜನ ಹಬ್ಬದ ಬಟ್ಟೆ ಹಾಕಿಕೊಂಡಿದ್ದರು. ಅಂಬುಜಕ್ಕನ ಮನೆಯ ಬಾಗಿಲು ಮಾತ್ರ ಮುಚ್ಚಿತ್ತು. ಅವಳು ಆ ಗುಂಪಿಗೆ ಸೇರಲಿಲ್ಲ, ಒಳಗೇ ಇದ್ದಳು. ಅಧ್ಯಕ್ಷರು ಮೈಕಿನಲ್ಲಿ ಫೋಟೋ ತೆಗೆಯುವವನ ಹಾಗೆ ಒಂದು, ಎರಡು, ಮೂರು ಎಂದರು. ಇಡೀ ಬೀದಿ "ಓ, ಬಂದೆವು" ಎಂದಿತು.

ಆಗುವುದಿಲ್ಲ ಎಂದುಕೊಂಡಿದ್ದೆ. ಆಯಿತು. ನಾನು ಆ ಚಾಪೆಯಗಲದ ಜಾಗದಲ್ಲೇ ನಿಂತಿದ್ದೆ. ಮೊದಲು ಅಂಬುಜಕ್ಕಾ ಅನ್ನುವುದು ಹೋಯಿತು. ಆಮೇಲೆ ಬಾಗಿಲು ಹೋಯಿತು. "ತೆಗೀರಿ" ಅನ್ನುವುದು ಸ್ವಲ್ಪ ಹೊತ್ತು ಉಳಿಯಿತು, ಸಣ್ಣಗೆ, ಅವಳು ಚಿಕ್ಕವಳಿದ್ದಾಗ ನನ್ನ ಗಾಜಿನ ಬಳೆಗೆ ಕೈ ಚಾಚುವಾಗ ಇದ್ದ ದನಿಯಲ್ಲಿ. ನಾನು ಎರಡೂ ಕೈಯಿಂದ ಗಾಳಿಯನ್ನು ಹಿಡಿದುಕೊಳ್ಳಲು ಹೋದೆ. ಅದೂ ಹೋಯಿತು. ಚಪ್ಪಾಳೆ ಬಿತ್ತು. ಯಾರೋ ನನ್ನ ಕೈಗೆ ಲಾಡು ಕೊಟ್ಟರು.

ಆದರೂ ಪದ್ಧತಿ ಬಿಡಬಾರದೆಂದು ಅವತ್ತು ನಾನು ಇಡೀ ಬೀದಿಗಾಗುವಷ್ಟು ಅಡುಗೆ ಮಾಡಿಸಿದೆ. ವನಜನಿಗೆ ಹುರುಳಿಕಾಳಿನ ಬಸ್ಸಾರು, ಮುದ್ದೆ ಎಂದರೆ ಪ್ರಾಣ. ಅಂಗಳದಲ್ಲಿ ಎಲೆ ಹಾಕಿಸಿ ಕಾದೆ. ಒಂದು ನರಪಿಳ್ಳೆಯೂ ಬರಲಿಲ್ಲ. ಅಧ್ಯಕ್ಷರಿಗೆ ಫೋನು ಮಾಡಿದೆ. "ನಿರ್ಣಯದಲ್ಲಿ ಊಟದ ಪ್ರಸ್ತಾಪ ಇಲ್ವಲ್ಲ ಮೇಡಂ," ಎಂದರು, ನಿಜವಾಗಿಯೂ ಬೇಜಾರಾದ ದನಿಯಲ್ಲಿ. ಮಾರನೆಯ ದಿನ ಹಳಸಿದ ಸಾರನ್ನು ಚರಂಡಿಗೆ ಸುರಿಸಿದೆ.

ಆ ಸೋಮವಾರ ಎಷ್ಟು ಚೆನ್ನಾಗಿ ನಡೆಯಿತೆಂದರೆ ಪುರಸಭೆ ಅದನ್ನು ಪ್ರತಿ ವಾರದ ಕಾರ್ಯಕ್ರಮ ಮಾಡಿತು. ಊರಿನ ಹಳೆಯ ಕೂಗುಗಳಲ್ಲಿ ಕೇಳಿದವರು ಬದುಕಿದ್ದವೆಲ್ಲ ಒಂದೊಂದಾಗಿ ಹೋದವು. ಹೊಸವು ಬರತೊಡಗಿದವು. ಬಸ್ ನಿಲ್ದಾಣದ ಮೆಟ್ಟಿಲಲ್ಲಿ ಒಬ್ಬ ಮುದುಕ ಜಾರಿ ಬಿದ್ದು "ಯಾರಾದ್ರೂ ಎತ್ರಪ್ಪಾ" ಎಂದ. ಮೊದಲಾಗಿದ್ದರೆ ಹತ್ತು ಬಾಯಿ ಒಟ್ಟಿಗೆ ಓ ಎನ್ನುತ್ತಿದ್ದವು. ಈಗ ಜನ ಆ ಕೂಗನ್ನು ಸುತ್ತು ಹಾಕಿಕೊಂಡು ಬಸ್ಸು ಹತ್ತಿದರು. "ಸೋಮವಾರ ಇದೆಯಲ್ಲ," ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ನನ್ನ ಗಿರಾಕಿಯೊಬ್ಬಳ ಕಿವಿಗೆ ಬಿತ್ತು. ಮುದುಕ ಆಸ್ಪತ್ರೆಯಲ್ಲಿ ತೀರಿಕೊಂಡ. ಸೋಮವಾರ ಬಂತು, ಅವನ ಕೂಗು ಹೋಯಿತು, ಮೆಟ್ಟಿಲು ಚೊಕ್ಕಟವಾಯಿತು.

ಶ್ರಾವಣ ಬಂತು. ಅಂಬುಜಕ್ಕನ ಮನೆಯಲ್ಲಿ ಲಗ್ನಪತ್ರಿಕೆಯ ಶಾಸ್ತ್ರ ಮುಗಿಯಿತು ಎಂದು ಕೇಳಿದೆ. ಇನ್ನು ಅವಳು ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ. ಕೂಗೇ ಇಲ್ಲದ ಮೇಲೆ ಅವಳ ತಲೆ ಮೇಲೆ ಯಾವ ಭಾರವಿದೆ? ಮಾರನೆಯ ಬೆಳಿಗ್ಗೆ ಅಭ್ಯಾಸಬಲದಿಂದ ಆ ಬೀದಿಗೆ ಹೋದೆ. ಅಂಬುಜಕ್ಕ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ಬಾಗಿಲಿನ ಎರಡೂ ರೆಕ್ಕೆಗಳನ್ನು ಗೋಡೆಗೆ ತಾಗುವ ಹಾಗೆ ತೆಗೆದಿಟ್ಟು, ಬೀದಿಗೆ ಇಳಿದಿದ್ದಳು. ಆ ಜಾಗಕ್ಕೆ ಬಂದು ಕಿವಿಗೊಟ್ಟಳು. ಏನೂ ಇರಲಿಲ್ಲ.

"ಹೋಗ್ಬಿಟ್ಳಾ?" ಎಂದು ನನ್ನನ್ನು ಕೇಳಿದಳು. ನಾನು ತಲೆ ಆಡಿಸಿದೆ. "ಆದ್ರೂ ಹೇಳ್ತೀನಿ. ಮಾತು ಕೊಟ್ಟಿದೀನಿ," ಎಂದಳು. ಆಮೇಲೆ ಅಂಗನವಾಡಿಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದಷ್ಟೇ ಗಟ್ಟಿಯಾಗಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು: "ಓ! ನಾನು ಅಂಬುಜ. ಬಂದೆ ಕಣೇ ವನಜಾ. ಬಾಗ್ಲು ತೆಗ್ದಿದೀನಿ, ಒಳಗ್ ಬಾ."

ಆ ಮಾತು ಹೋಗಲಿಲ್ಲ. ಅಲ್ಲೇ ನಿಂತಿತು. ನಾವಿಬ್ಬರೂ ಈಚೆ ಸರಿದು ಮತ್ತೆ ಅದರೊಳಕ್ಕೆ ಹೋಗಿ ನೋಡಿದೆವು. ಬಂದೆ ಕಣೇ ವನಜಾ, ಎಂದಿತು. ನಮ್ಮೂರಿನಲ್ಲಿ ಓಗೊಡದೆ ನಿಂತ ಕೂಗುಗಳುಂಟು. ಕೂಗಿಲ್ಲದೆ ನಿಂತ ಓಗೊಡುವಿಕೆಯನ್ನು ಯಾರೂ ಕಂಡಿರಲಿಲ್ಲ. ಅಂಬುಜಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕುಸಿದು ಕೂತಳು. ನಾನು ಅವಳನ್ನು ಎಬ್ಬಿಸಿ ನನ್ನ ಮನೆಗೆ ಕರೆದುಕೊಂಡು ಹೋದೆ. ಮುದ್ದೆ ಕಟ್ಟಿ, ಬಸ್ಸಾರು ಬಡಿಸಿದೆ. "ಗಂಟಲಲ್ಲಿ ಇಳೀತಾ ಇಲ್ಲ ಕಣಮ್ಮ," ಎಂದಳು. "ಉಣ್ಣಿ," ಎಂದೆ. "ಅವಳು ಎರಡನೇ ಸಲ ಹಾಕಿಸ್ಕೊಳ್ದೆ ಏಳ್ತಿರ್ಲಿಲ್ಲ." ಅಂಬುಜಕ್ಕ ಅಳುತ್ತಲೇ ಎರಡನೇ ಮುದ್ದೆ ಹಾಕಿಸಿಕೊಂಡು ಪೂರ್ತಿ ಉಂಡಳು. ನಾನೂ ಅತ್ತೆ. ಅವಳ ಮೇಲಿದ್ದ ಸಿಟ್ಟು ನನ್ನ ಹೊಟ್ಟೆಯಿಂದ ಹೋದದ್ದು ಆಗಲೇ.

ಸಂಬಂಧ ಮುರಿದುಬಿತ್ತು. ಮಗ ಅವಳ ಹತ್ತಿರ ಮಾತು ಬಿಟ್ಟ. ಮುಗಿದುಹೋಗಿದ್ದ ವಿಷಯವನ್ನು ಬೀದಿಗೆ ತಂದಳು ಎಂದು ಅಕ್ಕಪಕ್ಕದವರೂ ಮಾತು ಬಿಟ್ಟರು. ಕಾರ್ತಿಕದ ಚಳಿಯಲ್ಲಿ ಅಂಬುಜಕ್ಕ ಸತ್ತಳು. ಮಗ ಮನೆಗೆ ಬೀಗ ಜಡಿದು ಸಂಸಾರ ಸಮೇತ ಊರು ಬಿಟ್ಟ. ಈಗ ಆ ಬೀಗದ ಎದುರಿಗೇ ಅವಳ ಮಾತು ನಿಂತಿದೆ, ಬಾಗ್ಲು ತೆಗ್ದಿದೀನಿ, ಒಳಗ್ ಬಾ ಎಂದು ಹೋಗಿಬರುವವರನ್ನೆಲ್ಲ ಕರೆಯುತ್ತದೆ. ವನಜನ ಕೂಗಿಗಿಂತ ಇದಕ್ಕೆ ಜನ ಹೆಚ್ಚು ಹೆದರುತ್ತಾರೆ.

ಮಾರ್ಗಶಿರದ ಸಭೆಯಲ್ಲಿ ಅದು ಮತ್ತೆ ಸಾರ್ವಜನಿಕ ಸುರಕ್ಷತೆಯ ಅಡಿಯಲ್ಲಿ ಬಂತು. ಸೋಮವಾರದ ಕಾರ್ಯಕ್ರಮ ಇದಕ್ಕೆ ನಡೆಯುವುದಿಲ್ಲ, ಓಗೆ ಓ ಅಂದರೆ ಏನು ಬಂತು ಎಂದು ಮುಖ್ಯಾಧಿಕಾರಿಗಳು ವಿವರಿಸಿದರು. ಇದು ಹೋಗಬೇಕಾದರೆ ಯಾರಾದರೂ ಕೂಗಬೇಕು. ದೇವೀರಪ್ಪ ನನ್ನ ಕಡೆ ತಿರುಗಿ, ಕೈ ಮುಗಿದೇ ಕೇಳಿದ: "ನಿಮ್ ದನಿ ತಂಗಿ ದನಿ ಥರಾನೇ ಇದೆ ಮೇಡಂ. ಒಂದ್ಸಲ ಬಂದು ಅವ್ರ ಹಾಗೇ ಕೂಗ್ಬಿಡಿ. ಎಲ್ರಿಗೂ ನೆಮ್ಮದಿ."

"ನಿಮ್ಗೂ ನೆಮ್ಮದಿ ಆಗುತ್ತೆ ಮೇಡಂ," ಎಂದು ಅಧ್ಯಕ್ಷರೂ ಮೆಲ್ಲಗೆ ಸೇರಿಸಿದರು.

ನಾನು ಎದ್ದು ನಿಂತೆ. ಮಾತಿಗೆ ಮಾತು ಕೊಡಬೇಕೆಂದು ಎದ್ದವಳು. ಆದರೆ ಆ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದೆ. ಇವರ ನಡುವೆ ನಾನು ಬದುಕಬೇಕು, ಮುದಿಯಾಗಬೇಕು, ಒಂದು ದಿನ ಎಲ್ಲಾದರೂ ಬೀಳಬೇಕು ಎಂದು ಭಯವಾಯಿತು. ಆ ಭಯದಲ್ಲೇ, ನನಗೇ ಗೊತ್ತಿಲ್ಲದಷ್ಟು ಜೋರಾಗಿ, ನನ್ನ ಬಾಯಿಂದ ಬಂತು: "ನಾನು ಕೂಗಿದ್ರೆ ನಿಮ್ಮಲ್ಲಿ ಯಾರು ಬರ್ತೀರಿ?"

ಯಾರೂ ಓ ಎನ್ನಲಿಲ್ಲ. ದೇವೀರಪ್ಪ ಚಪ್ಪಲಿ ಹುಡುಕುವವನ ಹಾಗೆ ಬಗ್ಗಿದ. ಪಕ್ಕದ ಸದಸ್ಯೆಯ ಕೈ ಈ ಸಲ ಮೇಜಿನ ಕೆಳಗೆ ನನ್ನ ಕೈಯನ್ನು ಹುಡುಕಲಿಲ್ಲ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಮುಂದಿನ ವಿಷಯ, ಒಳಚರಂಡಿ," ಎಂದರು.

ಸಭೆ ಮುಗಿದು ಎಲ್ಲರೂ ಎದ್ದಾಗ, ನನ್ನ ಕುರ್ಚಿಯ ಪಕ್ಕದಿಂದ ಹಾದುಹೋದ ಜವಾನ ತಟ್ಟೆ ಲೋಟಗಳನ್ನು ಕೈಬಿಟ್ಟ. ಅಲ್ಲೇ ನಿಂತಿದ್ದ ನನ್ನ ಕೂಗು ಅವನಿಗೆ ಕೇಳಿಸಿತ್ತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರಿಗೂ ಕೇಳಿಸಿತು. ಬಂದ ಸೋಮವಾರ ಸದಸ್ಯರೆಲ್ಲ ಸಾಲಾಗಿ ನಿಂತು ಮೂರು ಸಲ "ಓ, ಬಂದೆವು" ಎಂದರು. ಅದು ಹೋಗಲಿಲ್ಲ. ಯಾರು ಎಂದು ಕೇಳಿದ್ದಕ್ಕೆ ಬಂದೆವು ಎಂದರೆ ಸಾಲದು, ಒಬ್ಬರು ಬಂದು ಹೆಸರು ಹೇಳಬೇಕು, ಹೇಳಿ ನನ್ನ ಮನೆಯಲ್ಲಿ ಒಂದು ಹೊತ್ತು ಉಣ್ಣಬೇಕು. ಪುರಸಭೆಯ ಸಭೆಗಳು ಈಗ ಪಕ್ಕದ ಗ್ರಂಥಾಲಯದ ಕೋಣೆಯಲ್ಲಿ ನಡೆಯುತ್ತವೆ. ನಾನು ಹಳೆಯ ಸಭಾಂಗಣದಲ್ಲಿ, ನನ್ನ ಕುರ್ಚಿಯಲ್ಲೇ ಕೂತು ಕಾಯುತ್ತೇನೆ.